ಬೆನ್ನಿಗೆ ಕಿಟಕಿ ಬೇಡಿದವನು

"ಗುರುಗಳೇ, ದಿನಾ ಕಣ್ಣು ಮುಚ್ಚಿ ಕೂರುತ್ತೇನೆ. ಮನಸ್ಸು ಎಷ್ಟು ಹದಕ್ಕೆ ಬಂತು ಎಂದು ನಡುನಡುವೆ ನೋಡಿಕೊಂಡರೆ ತಪ್ಪೇ?" ಎಂದು ಶಿಷ್ಯ ಕೇಳಿದ.

ಗುರುಗಳು ಕತೆ ಹೇಳಿದರು.

ಒಬ್ಬ ಫೋಟೋಗ್ರಾಫರ್ ಇದ್ದ. ಊರಿನವರೆಲ್ಲರ ಪಟ ತೆಗೆದವನ ಹತ್ತಿರ ಹೆತ್ತ ತಾಯಿಯದು ಒಂದೂ ಇರಲಿಲ್ಲ. ಎಷ್ಟು ಕೇಳಿದರೂ ಅವಳು ಕೂರಳು.

"ಈಗಿನ ಕ್ಯಾಮೆರಾದಲ್ಲಿ ನೂರು ತೆಗೆಯುತ್ತೀಯ, ತೊಂಬತ್ತೊಂಬತ್ತು ಅಳಿಸುತ್ತೀಯ. ಅಳಿಸುವ ಪಟಕ್ಕೆ ನಾನು ಕೂರುವವಳಲ್ಲ. ರೀಲಿನ ಕ್ಯಾಮೆರಾ ತಾ, ಒಂದು ಸಲ ಕೂರುತ್ತೇನೆ" ಎಂದಳು.

ಅವಳಿಗೆ ಎಂಬತ್ತು ದಾಟಿತ್ತು. ಈ ಸಲ ತಪ್ಪಿದರೆ ತಪ್ಪಿದಂತೆಯೇ ಎಂದು ಮಗನಿಗೆ ಗೊತ್ತಿತ್ತು.

ಅವನು ಕ್ಯಾಮೆರಾ ರಿಪೇರಿ ಮಾಡುವ ಮುದುಕನ ಬಳಿ ಹೋಗಿ ಬೇಕುಗಳ ಪಟ್ಟಿಯನ್ನೇ ಬಿಚ್ಚಿದ. ಸೆಲ್ ಇಲ್ಲದೆ ನಡೆಯಬೇಕು. ಗುಂಡಿ ಒತ್ತಿದರೆ ಅಮ್ಮ ರೆಪ್ಪೆ ಬಡಿಯದಷ್ಟು ಮೆತ್ತಗೆ ಸದ್ದಾಗಬೇಕು. ಬೆಳಕು ಸಾಲದಿದ್ದರೆ ಮುಳ್ಳು ಅಲ್ಲಾಡಿ ಹೇಳಬೇಕು. ರೀಲು ಎಲ್ಲೂ ಸಿಕ್ಕಿಕೊಳ್ಳಬಾರದು. ಮುದುಕ ಎಲ್ಲದಕ್ಕೂ ತಲೆಯಾಡಿಸಿದ. ಕೆಟ್ಟು ಮೂಲೆ ಸೇರಿದ್ದ ಏಳೆಂಟು ಕ್ಯಾಮೆರಾ ಬಿಚ್ಚಿ, ಹೇಳಿದಂಥದೇ ಒಂದನ್ನು ಕಟ್ಟಿಕೊಟ್ಟ.

"ಇನ್ನೊಂದೇ ಒಂದು, ಯಜಮಾನರೇ. ತೆಗೆದ ಪಟ ಆಗಲೇ ನೋಡುವುದಕ್ಕೆ ಬೆನ್ನಿಗೊಂದು ಪುಟ್ಟ ಕಿಟಕಿ."

"ಅದೊಂದು ಕೇಳಬೇಡಿ. ತೊಳೆಯುವವರೆಗೂ ರೀಲಿಗೆ ಕತ್ತಲೆಯೇ ಮನೆ. ಕಿಟಕಿ ಇಟ್ಟರೆ ಕೊನೆಗೆ ಕಿಟಕಿಯೊಂದೇ ಉಳಿಯುತ್ತದೆ."

ತಾಯಿ ತಲೆ ಬಾಚಿ, ಮಡಿಕೆ ಮುರಿಯದ ಸೀರೆ ಉಟ್ಟು ಅಂಗಳದಲ್ಲಿ ಕೂತಳು. ಒಂದೊಂದು ಪಟ ತೆಗೆದಾಗಲೂ ಅವನ ಕಣ್ಣು ಕ್ಯಾಮೆರಾದ ಬೆನ್ನಿಗೆ ಹೋಯಿತು. ವರ್ಷಗಳ ಅಭ್ಯಾಸ, ಬಿಡಬೇಕಲ್ಲ. ಅಲ್ಲಿ ಕರೀ ತಗಡು ಬಿಟ್ಟರೆ ಏನೂ ಇಲ್ಲ. ಅಮ್ಮ ನಕ್ಕದ್ದು ಬಂತೋ, ಕಣ್ಣು ಮುಚ್ಚಿದ್ದೇ ಬಂತೋ. ರೀಲಿನ ಮೂವತ್ತಾರು ಪಟ ಮುಗಿಯುವ ಹೊತ್ತಿಗೆ ಜೀವ ತಡೆಯಲಿಲ್ಲ. ಒಂದು ಗಳಿಗೆ ಎಂದುಕೊಂಡು ಹಿಂದಿನ ಮುಚ್ಚಳ ತೆಗೆದು ಇಣುಕಿದ. ಬಿಸಿಲೂ ಅವನ ಜೊತೆಗೇ ಇಣುಕಿತು.

ರೀಲು ತೊಳೆದು ಬಂದಾಗ ಈ ತುದಿಯಿಂದ ಆ ತುದಿಗೆ ಬರೀ ಕಪ್ಪು.

ಅವನು ಸುಳ್ಳು ಹೇಳಲಿಲ್ಲ. ತಾಯಿಯ ಮುಂದೆ ಕೂತು ನಡೆದದ್ದನ್ನು ಹೇಳಿದ.

"ನೀನು ಹೊಟ್ಟೆಯಲ್ಲಿದ್ದಾಗ ಹೇಗಿದ್ದೀಯೋ ನೋಡಬೇಕೆಂದು ನನಗೂ ಆಸೆ ಇತ್ತು ಮಗಾ. ಒಂಬತ್ತು ತಿಂಗಳು ಇಣುಕದೆ ಇದ್ದೆ" ಎಂದಳು ತಾಯಿ. "ಏಳು, ಇನ್ನೊಂದು ರೀಲು ತಾ. ಈ ಸಲ ತೆಗೆದಾದ ಮೇಲೆ ಅದು ನನ್ನ ಹತ್ತಿರ ಇರಲಿ."

ಮತ್ತೆ ಮೂವತ್ತಾರು ಪಟ. ಕೊನೆಯದು ಮುಗಿಯುತ್ತಲೇ ಅವಳು ಕ್ಯಾಮೆರಾ ಕಿತ್ತುಕೊಂಡು ಸೆರಗಿನಲ್ಲಿ ಸುತ್ತಿ ಮಡಿಲಿಗಿಟ್ಟುಕೊಂಡಳು. ರೀಲು ತೊಳೆಯುವ ಪಟ್ಟಣಕ್ಕೆ ಹೊರಡುವ ದಿನದವರೆಗೂ ಮಗ ಅದನ್ನು ಮುಟ್ಟಲಿಲ್ಲ, ಕೊಡು ಎಂದು ಕೇಳಲೂ ಇಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಪಟ ಹೇಗೆ ಬಂತು ಗುರುಗಳೇ?" ಶಿಷ್ಯ ತಡೆಯಲಾರದೆ ಕೇಳಿದ.

"ಮುಚ್ಚಳ ತೆಗೆದೆಯಲ್ಲೋ" ಎಂದರು ಗುರುಗಳು.