ಸೇತುವೆ ದಾಟಿದ ಹುಲಿ

“ಹುಲಿಯ ಹೆಗಲ ಮೇಲೆ ಕೈ ಹಾಕಿಕೊಂಡು ಈ ಸೇತುವೆ ದಾಟಿಸಿದವನು ನಾನು,” ಎಂದರು ಮುದ್ದಯ್ಯ. “ಸರಪಳಿ ಇಲ್ಲ, ಪೆಟ್ಟಿಗೆ ಇಲ್ಲ. ಆಚೆ ದಡದಲ್ಲಿ ಲಾರಿ ನಿಂತಿತ್ತು. ತಾನೇ ಹತ್ತಿತು, ತಾನೇ ಕೂತಿತು. ಅದೂ ತಿರುಗಿ ನೋಡಲಿಲ್ಲ, ನಾನೂ ನೋಡಲಿಲ್ಲ.”

ಕಂಡವರು ಯಾರು ಎಂದು ಕೇಳುವ ಹಾಗಿರಲಿಲ್ಲ. ಆ ಲಾರಿಯ ಡ್ರೈವರ್ ತೀರಿಕೊಂಡಿದ್ದ. ಗೇಟು ಕಾಯುತ್ತಿದ್ದವನೂ ಹೋಗಿದ್ದ. ಹುಲಿಯಂತೂ ಯಾವ ಕಾಲಕ್ಕೋ ಹೋಗಿತ್ತು.

“ಅಜ್ಜಾ, ನಿಮ್ಮ ಕಂಬಳಿ ಯಾಕೆ ಅರ್ಧವೇ ಇದೆ?” ಎಂದು ಯಾರಾದರೂ ಕೆಣಕಿದರೆ ಅದಕ್ಕೂ ಉತ್ತರ ಬಾಯಲ್ಲೇ ಇರುತ್ತಿತ್ತು.

“ಇನ್ನರ್ಧ ಅದೇ ಹುಲಿ ತಿಂತು. ಸೇತುವೆ ನಡುವೆ ಅದಕ್ಕೆ ಹಸಿವಾಯಿತು. ನನ್ನನ್ನು ತಿನ್ನೋಕೆ ನಾಚಿಕೊಂಡಿತು.”

ಹೊಳೆದಂಡೆಯ ಆ ಪುಟ್ಟ ಮೃಗಾಲಯದಲ್ಲಿ ಪ್ರಾಣಿ ನೋಡಿಕೊಳ್ಳುವ ಕೆಲಸ ಕಲಿಸುತ್ತಿದ್ದವರು ಮುದ್ದಯ್ಯ. ಕಲಿಯುತ್ತಿದ್ದವನು ಜವರ. ಹೆಂಡತಿ ಮಕ್ಕಳಿದ್ದ ಗಂಡಸು, ಮಾತು ಕಡಿಮೆ.

ಜವರ ಒಂದು ಕತ್ತೆಕಿರುಬದ ಮರಿಯನ್ನು ತನ್ನ ಮಗುವಿನ ಬಾಟಲಿಯಲ್ಲೇ ಹಾಲು ಕುಡಿಸಿ ಸಾಕಿದ್ದ. ಅದು ಬೆಳೆದು ದೊಡ್ಡದಾಗಿತ್ತು. ಮೂತಿ ಕರ್ರಗೆ, ಬೆನ್ನು ಇಳಿಜಾರು, ನಡೆದರೆ ಕುಂಟಿದ ಹಾಗೆ. ಹೆಸರು ಮಾತ್ರ ಚೆಲುವಿ.

ಈಗ ಚೆಲುವಿಯನ್ನು ಕಳಿಸಬೇಕಾಗಿತ್ತು. ಬೆಟ್ಟದ ಮೇಲಿನ ಇನ್ನೊಂದು ಮೃಗಾಲಯದಲ್ಲಿ ಗಂಡು ಕಿರುಬ ಒಂಟಿ. ಇಲ್ಲಿ ಚೆಲುವಿ ಒಂಟಿ. ಅವಳನ್ನು ಕೊಟ್ಟರೆ ಅವರು ಒಂದು ಜೋಡಿ ನರಿ ಕೊಡುತ್ತಾರೆ. ಸಣ್ಣ ಮೃಗಾಲಯಗಳ ಸಂಸಾರ ನಡೆಯುವುದೇ ಹೀಗೆ ಕೊಟ್ಟು ತಂದು.

“ಚೆಲುವೀನ ಕೊಟ್ಟು ನರಿ ತರೋದಾ?” ಎಂದ ಜವರ.

“ನರಿ ಏನು ಪಾಪ ಮಾಡಿದೆ?”

“ಅವಳಿಗೆ ಇಲ್ಲೇನು ಕಡಿಮೆ ಅಜ್ಜಾ? ನಾನಿದ್ದೀನಲ್ಲ.”

“ಸಂಜೆಯಾದರೆ ನೀನು ಮನೆಗೆ ಹೋಗ್ತೀಯ,” ಎಂದರು ಮುದ್ದಯ್ಯ.

ಸಂಜೆ ಜವರ ಹೊರಟ ಮೇಲೆ ಚೆಲುವಿ ಬೇಲಿಯ ಉದ್ದಕ್ಕೂ ಹೋಗಿ ಬಂದು ಮಾಡಿ, ನೆಲ ಸವೆದು ಹಾದಿಯೇ ಬಿದ್ದಿತ್ತು. ಅದು ಅವನಿಗೂ ಗೊತ್ತಿತ್ತು.

ಕಳಿಸುವುದಕ್ಕೆ ಮುದ್ದಯ್ಯನವರದು ಒಂದು ಪದ್ಧತಿ. ಮರದ ಪೆಟ್ಟಿಗೆಯನ್ನು ಬಾಗಿಲೆತ್ತಿ ಪ್ರಾಣಿಯ ಆವರಣದಲ್ಲೇ ಇಡುವುದು. ಮಾಂಸವನ್ನು ಮೊದಲು ಹೊಸ್ತಿಲಲ್ಲಿ, ಆಮೇಲೆ ದಿನಕ್ಕಿಷ್ಟು ಒಳಗೆ. ತಿವಿಯುವಂತಿಲ್ಲ, ನೂಕುವಂತಿಲ್ಲ. ತಾನಾಗಿ ಒಳಗೆ ಹೋಗಬೇಕು. ಬಾಗಿಲು ಇಳಿಸುವವನು ಸಾಕಿದವನೇ ಆಗಬೇಕು.

ಪೆಟ್ಟಿಗೆ ಇದ್ದದ್ದು ಒಂದೇ, ಹಳೆಯದು. ಅಲ್ಲಿಂದ ಹೋದ ದೊಡ್ಡ ಪ್ರಾಣಿಗಳೆಲ್ಲ ಅದರಲ್ಲೇ ಹೋದವು. ಹುಲಿಯೊಂದನ್ನು ಬಿಟ್ಟು, ಎನ್ನುತ್ತಿದ್ದರು ಮುದ್ದಯ್ಯ.

ಲಾರಿ ಬರುವ ಹಿಂದಿನ ದಿನವೂ ಚೆಲುವಿ ಪೆಟ್ಟಿಗೆಯ ಕಡೆ ತಲೆ ಹಾಕಲಿಲ್ಲ. ಒಳಗಿನ ಮಾಂಸಕ್ಕೆ ಇರುವೆ ಮುತ್ತಿತ್ತು.

“ಅವಳಿಗೆ ಹೋಗೋಕೆ ಇಷ್ಟವಿಲ್ಲ ಅಜ್ಜಾ,” ಎಂದ ಜವರ.

“ಅವಳಿಗಾ?”

ಮುದ್ದಯ್ಯ ಅವನ ಅಂಗಿಯ ತೋಳು ಹಿಡಿದು ನೋಡಿದರು. ತುದಿಯನ್ನು ಯಾರೋ ಜಗಿದಿದ್ದರು. ಹಸಿ ಮಾಂಸದ ಕಲೆ ಬೇರೆ.

“ಹಿಂದಿನ ಬೇಲಿ ಸಂದಿಯಿಂದ ಊಟ ಹಾಕ್ತಿರೋ ಪುಣ್ಯಾತ್ಮ ಯಾರೋ?”

ಜವರ ಹೊಳೆಯ ಕಡೆ ನೋಡಿದ.

“ನಾಳೆ ಅವಳು ತಾನಾಗಿ ಹೋಗದಿದ್ದರೆ ಮತ್ತಿನ ಸೂಜಿ ಹೊಡೆದು ಮಲಗಿಸ್ತಾರೆ. ಹಾಗೆ ಮಲಗಿದ್ದೆಲ್ಲ ಏಳುತ್ತೆ ಅಂತ ನಾನು ಹೇಳಲ್ಲ.”

“ಕಳಿಸೋದೇ ಬೇಡ ಅಂತ ನೀವು ಒಂದು ಮಾತು ಹೇಳಿ.”

“ಒಳಗೆ ಹೋಗು,” ಎಂದರು ಮುದ್ದಯ್ಯ.

“ಎಲ್ಲಿಗೆ?”

“ಪೆಟ್ಟಿಗೆಗೆ.”

ಚೆಲುವಿಯನ್ನು ಪಕ್ಕದ ಕೋಣೆಗೆ ಬಿಟ್ಟು, ಜವರ ಮಂಡಿಯೂರಿ ಪೆಟ್ಟಿಗೆಯೊಳಗೆ ತೂರಿಕೊಂಡ. ಹಿಂದೆ ಬಾಗಿಲು ದಡಕ್ಕನೆ ಬಿತ್ತು.

“ಏನು ಕಾಣುತ್ತೆ?”

“ಏನೂ ಇಲ್ಲ.”

“ಏನು ವಾಸನೆ?”

“ಫಿನಾಯಿಲು.”

“ಹೆದರಿಕೆ ಆಗುತ್ತಾ?”

“ಇಲ್ಲ. ನೀವಿದ್ದೀರಲ್ಲ.”

ಮುದ್ದಯ್ಯನವರ ಹೆಜ್ಜೆ ಸಪ್ಪಳ ಹೊಳೆಯ ಕಡೆ ಹೋಯಿತು. ಆಮೇಲೆ ಅದೂ ಇಲ್ಲ.

“ಅಜ್ಜಾ?” ಎಂದ ಜವರ. ಇನ್ನೊಮ್ಮೆ ಜೋರಾಗಿ ಕರೆದ. ಕತ್ತಲಲ್ಲಿ ಗೋಡೆ ತಡಕಿದ. ಮೂಲೆಯ ಹಲಗೆಯ ಸಂದಿಯಲ್ಲಿ ಒಂದು ಮೊಳೆ ಸಿಕ್ಕಿತು. ಮೊಳೆಗೆ ಏನೋ ಸಿಕ್ಕಿಕೊಂಡಿತ್ತು. ಎಳೆದುಕೊಂಡ. ಒರಟು ಉಣ್ಣೆ.

ಬಾಗಿಲು ಎದ್ದಾಗ ಮುದ್ದಯ್ಯ ಅಲ್ಲೇ ನಿಂತಿದ್ದರು. ಜವರ ಮುಷ್ಟಿ ಬಿಗಿ ಮಾಡಿಕೊಂಡೇ ಹೊರಗೆ ಬಂದ. ಏನಿದೆ ಎಂದು ಅವರು ಕೇಳಲಿಲ್ಲ, ಇವನು ಹೇಳಲಿಲ್ಲ.

ಆ ಸಂಜೆ ಹಿಂದಿನ ಬೇಲಿಗೆ ಊಟ ಹೋಗಲಿಲ್ಲ. ಜವರ ತೊಟ್ಟಿದ್ದ ಅಂಗಿ ಬಿಚ್ಚಿ ಪೆಟ್ಟಿಗೆಯ ಒಳತುದಿಯಲ್ಲಿ ಹಾಸಿದ. ಮನೆಗೆ ಬರಿಮೈಯಲ್ಲಿ ಹೋದ.

ಬೆಳಿಗ್ಗೆ ಬೆಟ್ಟದ ಲಾರಿ ಬಂತು. ನರಿಗಳು ಇಳಿದವು. ಸೂಜಿ ಹೊಡೆಯುವವನು ತನ್ನ ಉದ್ದದ ಕೊಳವೆ ಒರೆಸುತ್ತ ನಿಂತ.

“ಇನ್ನೂ ಎಷ್ಟು ಹೊತ್ತು? ಬಿಸಿಲೇರಿದರೆ ದಾರಿಯಲ್ಲಿ ಕಷ್ಟ,” ಎಂದ ಅವನು.

“ಮದುಮಗಳು ಕಣಪ್ಪಾ,” ಎಂದರು ಮುದ್ದಯ್ಯ. “ಅಲಂಕಾರ ಮುಗೀಲಿ.”

ಚೆಲುವಿ ಪೆಟ್ಟಿಗೆಯ ಸುತ್ತ ಬಂದಳು. ಹೊಸ್ತಿಲು ಮೂಸಿದಳು. ಹಿಂದೆ ಸರಿದಳು. ಜವರ ಬಾಗಿಲಿನ ಹಗ್ಗ ಹಿಡಿದು ನಿಂತಿದ್ದ. ಅವಳು ಮತ್ತೆ ಬಂದು ತಲೆ ಹಾಕಿದಳು. ಮಾಂಸ ಬಿಟ್ಟು ಮುಂದೆ ಹೋದಳು. ಅಂಗಿಯ ತೋಳನ್ನು ಬಾಯಲ್ಲಿ ಹಿಡಿದು, ಅದರ ಮೇಲೆ ಗದ್ದ ಊರಿ ಮಲಗಿದಳು.

“ಅಜ್ಜಾ, ಬಾಗಿಲು ನೀವೇ ಇಳಿಸಿ,” ಎಂದು ಪಿಸುಗುಟ್ಟಿದ ಜವರ.

“ಅಂಗಿ ನಂದಲ್ಲ.”

ಜವರ ಹಗ್ಗವನ್ನು ಸಡಿಲ ಬಿಡುತ್ತ ಹೋದ. ಬಾಗಿಲು ಸದ್ದಿಲ್ಲದೆ ಇಳಿಯಿತು.

ಪೆಟ್ಟಿಗೆ ಹೊತ್ತು ಲಾರಿ ಹೊರಟಿತು. ಜವರ ಗೇಟಿನವರೆಗೆ ಹೋಗೋಣವೆಂದುಕೊಂಡಿದ್ದ. ಗೇಟು ದಾಟಿತು. ಸೇತುವೆ ಕಿರಿದು, ಲಾರಿ ನಿಧಾನ, ಹಿಂದೆಯೇ ನಡೆದ. ಆಚೆ ದಡ ಮುಟ್ಟಿದ ಮೇಲೆ ಲಾರಿ ಜೋರಾಯಿತು. ಜವರ ಅಲ್ಲಿಯೇ ನಿಂತ.

ಸ್ವಲ್ಪ ಹೊತ್ತಿಗೆ ಮುದ್ದಯ್ಯ ಏದುಸಿರು ಬಿಡುತ್ತ ಬಂದು ಪಕ್ಕದಲ್ಲಿ ನಿಂತರು.

“ಅಂಗಿ ಎಲ್ಲಿ ಅಂತ ನಿನ್ನ ಹೆಂಡತಿ ಕೇಳಲಿಲ್ಲವೇನೋ?”

“ಕೇಳಿದಳು. ಕಿರುಬ ತಿಂತು ಅಂದೆ.”

“ನಂಬಿದಳಾ?”

“ನಿಮ್ಮ ಕಂಬಳಿ ಹುಲಿ ತಿಂದದ್ದನ್ನು ನಾವೆಲ್ಲ ನಂಬಲಿಲ್ಲವಾ, ಹಾಗೆ.”

ಜವರ ಜೇಬಿನಿಂದ ಉಣ್ಣೆಯ ಚೂರು ತೆಗೆದು ಮುದ್ದಯ್ಯನವರ ಅರ್ಧ ಕಂಬಳಿಯ ಪಕ್ಕ ಹಿಡಿದ. ಅದೇ ಕಪ್ಪು, ಅದೇ ಕೆಂಪು ಅಂಚು.

“ಇದು ಪೆಟ್ಟಿಗೆಯ ಮೊಳೆಯಲ್ಲಿತ್ತು. ನಿಮ್ಮ ಹುಲಿ ಸೇತುವೆ ಮೇಲೆ ನಡೆದುಕೊಂಡು ಹೋಗಿದ್ದರೆ, ಪೆಟ್ಟಿಗೆಯೊಳಗೆ ಇದು ಹೇಗೆ ಬಂತು ಅಜ್ಜಾ?”

ಮುದ್ದಯ್ಯ ಚೂರನ್ನು ನೋಡಿದರು, ಲಾರಿ ಹೋದ ರಸ್ತೆಯನ್ನು ನೋಡಿದರು. ಹೆಗಲು ಕುಣಿಸಿ, ಜಾರಿದ ಕಂಬಳಿಯನ್ನು ಮೇಲೆಳೆದುಕೊಂಡರು.

“ಸೇತುವೆ ಮೇಲೆ ಯಾರೋ ಒಬ್ಬರು ನಡೆದದ್ದಂತೂ ನಿಜ ಕಣೋ.”