ತೊಗರಖೇಡದ ಬುಟ್ಟಿ ಕಟ್ಟೆ

ಬೀದರಿನ ಡಾಂಬರು ರಸ್ತೆ ಬಿಟ್ಟು ಕೆಂಪು ಮಣ್ಣಿನ ದಾರಿಗೆ ಇಳಿದರೆ ತೊಗರಖೇಡ ಸಿಗುತ್ತದೆ. ಊರಿನ ಮೂಡಲ ಅಂಚಿನಲ್ಲಿ ಜಂಬಿಟ್ಟಿಗೆ ಕಲ್ಲಿನಿಂದ ಕಟ್ಟಿದ ಮೆಥೋಡಿಸ್ಟ್ ಚರ್ಚು ಇದೆ. ಅದರ ಬಾಗಿಲ ಎದುರಿಗೆ, ಬೇವಿನ ಮರದ ನೆರಳಿನಲ್ಲಿ, ಮೊಣಕಾಲೆತ್ತರದ ಒಂದು ಉದ್ದನೆಯ ಕಟ್ಟೆ. ಕಟ್ಟೆಯ ಮೇಲ್ಗಲ್ಲುಗಳಲ್ಲಿ ಅಲ್ಲಲ್ಲಿ ದುಂಡಗೆ ಸವೆದ ಗುರುತುಗಳಿವೆ. ಹೊಸದಾಗಿ ಬಂದವರು ಇಲ್ಲಿ ಹಿಂದೆ ಕಾಳು ಕುಟ್ಟುತ್ತಿದ್ದರೇನೋ ಎಂದು ಕೇಳುವುದುಂಟು. ಓದಿದ ಒಬ್ಬರು ಬಂದು ಇದು ಬಹಮನಿ ಕಾಲದ ಕಲ್ಲು ಎಂದು ಹೇಳಿ ಫೋಟೋ ಹಿಡಿದುಕೊಂಡೂ ಹೋದರು. ಊರವರು ಯಾರೂ ಅಡ್ಡ ಮಾತಾಡಲಿಲ್ಲ. ಬಂದ ಅತಿಥಿಯ ಖುಷಿ ಕೆಡಿಸುವುದೇಕೆ? ಆದರೆ ಊರಲ್ಲಿ ಯಾರನ್ನು ಕೇಳಿದರೂ ಅದರ ಹೆಸರು ಬುಟ್ಟಿ ಕಟ್ಟೆ. ಆ ಹೆಸರು ಬಂದದ್ದು ಪುತಳಮ್ಮ ಎಂಬ ಹೆಣ್ಣುಮಗಳಿಂದ.

ಹಿಂದೆ ಒಮ್ಮೆ, ನಿಜಾಮರ ಆಳ್ವಿಕೆಯ ದಿನಗಳಲ್ಲಿ, ಈ ಕಟ್ಟೆ ಪಾದ್ರಿಯವರು ಕುದುರೆ ಹತ್ತಲು ಹಾಕಿಸಿದ್ದ ಒರಟು ಕಲ್ಲುಗಳ ಸಾಲಷ್ಟೇ ಆಗಿತ್ತು ಎನ್ನುತ್ತಾರೆ. ಚರ್ಚಿಗೆ ಆಗ ಮಣ್ಣಿನ ಗೋಡೆ, ಹುಲ್ಲಿನ ಛಪ್ಪರ. ಗಂಟೆಯ ಬದಲು ಬೇವಿನ ಕೊಂಬೆಗೆ ತೂಗುಹಾಕಿದ ರೈಲುಕಂಬಿಯ ತುಂಡು. ಪಾದ್ರಿಯವರು ಒಬ್ಬರೇ, ನೋಡಿಕೊಳ್ಳಬೇಕಾದ ಊರುಗಳು ಹಲವು. ಅವರು ಬಂದ ದಿನವೇ ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭುಭೋಜನ, ಬಾರದ ದಿನಗಳಲ್ಲಿ ಸಭೆಯ ಭಾರವೆಲ್ಲ ಸಭೆಯ ಹಿರಿಯ, ಚೌದ್ರಿ ಯೇಸಪ್ಪನ ಮೇಲೆ. ಯೇಸಪ್ಪ ಕಟ್ಟುನಿಟ್ಟಿನ ಮನುಷ್ಯ. ವಾರಕ್ಕೊಮ್ಮೆ ಮನೆಯಂಗಳದಲ್ಲಿ ಕೂಟ ಸೇರಿಸಿ, ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದು, ನಿನ್ನ ಆತ್ಮ ಹ್ಯಾಂಗ ಅದ ಎಂದು ಕೇಳುತ್ತಿದ್ದ. ಅದು ಮೆಥೋಡಿಸ್ಟರ ಹಳೆಯ ಪದ್ಧತಿ. ಕುಡಿದವನು ಕುಡಿದೆ ಎನ್ನಬೇಕು, ಬೈದವಳು ಬೈದೆ ಎನ್ನಬೇಕು, ಎಲ್ಲರೂ ಸೇರಿ ಅವರಿಗಾಗಿ ಪ್ರಾರ್ಥಿಸಬೇಕು. ಪುತಳಮ್ಮನ ಸರದಿ ಬಂದಾಗ ಅವಳು ಸೆರಗು ಸರಿಮಾಡಿಕೊಂಡು ಛಂದ ಅದ ಎನ್ನುತ್ತಿದ್ದಳು. ಅಷ್ಟು ಹೇಳಿ ಮನೆಗೆ ಹೋದರೆ ಆ ದಿನ ಅವಳಿಗೆ ರೊಟ್ಟಿ ಸೇರುತ್ತಿರಲಿಲ್ಲ.

ಅವಳ ಆತ್ಮ ಛಂದ ಇರಲಿಲ್ಲ. ದೀಕ್ಷಾಸ್ನಾನ ಪಡೆದ ದಿನ, ಹೊಸ ನಂಬಿಕೆಯ ಹುರುಪಿನಲ್ಲಿ, ತಾಯಿ ತಲೆಯ ಮೇಲೆ ಹೊತ್ತು ಊರೂರು ತಿರುಗಿದ ಮರಗಮ್ಮ ದೇವಿಯ ಬುಟ್ಟಿಯನ್ನು ಪುತಳಮ್ಮ ಒಯ್ದು ಕೆರೆಗೆ ಎಸೆದಿದ್ದಳು. ಬುಟ್ಟಿ ಇದ್ದದ್ದು ಅವಳ ಮನೆಯಲ್ಲಲ್ಲ, ಅಕ್ಕ ದುರಪತಮ್ಮನ ಮನೆಯ ಗೋಡೆಯ ಗೂಡಿನಲ್ಲಿ. ಅಕ್ಕ ಕೂಲಿಗೆ ಹೋಗಿದ್ದ ಹೊತ್ತು ನೋಡಿ ತಂದಿದ್ದಳು. ಸಭೆಯವರು ಅದನ್ನು ದೊಡ್ಡ ಸಾಕ್ಷಿಯೆಂದು ಕೊಂಡಾಡಿದರು, ಅವಳ ಹೆಸರಿನಲ್ಲಿ ಒಂದು ಪದವನ್ನೂ ಕಟ್ಟಿ ಹಾಡಿದರು. ದುರಪತಮ್ಮ ಜಗಳಕ್ಕೆ ಬರಲಿಲ್ಲ, ಶಾಪ ಹಾಕಲಿಲ್ಲ. ಅಂದಿನಿಂದ ತಂಗಿಯ ಜೊತೆ ಮಾತು ಬಿಟ್ಟಳು. ಹಳ್ಳದ ಆಚೆ ಮರಗಮ್ಮನ ಗುಡಿ, ಗುಡಿಯ ಮಗ್ಗುಲಲ್ಲಿ ಅವಳ ಮನೆ. ನೀರಿನ ದಾರಿಯಲ್ಲಿ ಎದುರಾದರೆ ಅಕ್ಕ ಮುಖ ತಿರುಗಿಸಿ ನಿಲ್ಲುತ್ತಿದ್ದಳು, ತಂಗಿ ದಾಟಿ ಹೋದ ಮೇಲೆ ನಡೆಯುತ್ತಿದ್ದಳು. ಹಾಗೆಯೇ ವರ್ಷಗಳು ಕಳೆದವು. ಪುತಳಮ್ಮನ ಗಂಡ ತೀರಿಕೊಂಡಾಗಲೂ ಅಕ್ಕ ಬರಲಿಲ್ಲ. ಹೆಣ ಹೊತ್ತವರು, ಮನೆಗೆ ಹಿಟ್ಟು ತಂದುಕೊಟ್ಟವರು ಸಭೆಯವರೇ. ಈಗ ಅವಳಿಗೆ ಬಂಧುಬಳಗ ಎಂದರೆ ಅವರೇ.

ಆ ವರ್ಷ ಸುಗ್ಗಿ ಕಾಣಿಕೆಯ ಹಬ್ಬಕ್ಕೆ ಪಾದ್ರಿ ನಥಾನಿಯೇಲರು ಬಂದರು. ಸಭೆಯಲ್ಲಿ ಆಗ ಒಂದು ಜಗಳ ನಡೆದಿತ್ತು. ಚೌದ್ರಿ ಯೇಸಪ್ಪ ಕೀರ್ತನೆಯನ್ನು ಎಳೆದೆಳೆದು ಹಾಡುವವನು, ತಬಲಾ ಎಲೀಷಪ್ಪ ಓಡಿಸಿ ಬಾರಿಸುವವನು. ಒಬ್ಬ ಇನ್ನೂ ಎರಡನೆಯ ಸಾಲಿನಲ್ಲಿರುವಾಗ ಇನ್ನೊಬ್ಬ ಆಮೆನ್ ಮುಟ್ಟಿರುತ್ತಿದ್ದ. ಈ ಕಾರಣಕ್ಕೆ ಇಬ್ಬರಿಗೂ ಮಾತಿಲ್ಲ. ಅದನ್ನು ಕೇಳಿ ಬೇಸತ್ತಿದ್ದ ಪಾದ್ರಿಯವರು ಅವರಿಬ್ಬರನ್ನೇ ಮನಸ್ಸಿನಲ್ಲಿಟ್ಟುಕೊಂಡು ಪ್ರಸಂಗ ಮಾಡಿದರು. ಕಾಣಿಕೆ ತರುವಾಗ ಸಹೋದರನಿಗೆ ನಿನ್ನ ಮೇಲೆ ಏನೋ ಮನಸ್ತಾಪ ಇದೆಯೆಂದು ನೆನಪಾದರೆ ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಹೋಗಿ ಅವನೊಂದಿಗೆ ಒಂದಾಗು, ಆಮೇಲೆ ಬಂದು ಕಾಣಿಕೆ ಕೊಡು ಎಂಬ ಪ್ರಭುವಿನ ಮಾತನ್ನು ಎತ್ತಿ ಹೇಳಿದರು. ಕುಂಬಳಕಾಯಿ ಕಳ್ಳ ಎಂದರೆ ಕಳ್ಳ ಹೆಗಲು ಮುಟ್ಟಿ ನೋಡಿಕೊಳ್ಳಬೇಕು. ಆದರೆ ಯೇಸಪ್ಪ ಛಪ್ಪರ ನೋಡಿದ, ಎಲೀಷಪ್ಪ ತಬಲಾದ ಬಾರು ಬಿಗಿ ಮಾಡಿದ. ಹೆಗಲು ಮುಟ್ಟಿಕೊಂಡದ್ದು ಹೆಂಗಸರ ಸಾಲಿನ ಹಿಂದೆ ಚಾಪೆಯ ಮೇಲೆ ಕೂತ ಪುತಳಮ್ಮ ಒಬ್ಬಳೇ.

ಕಾಣಿಕೆಯ ಕೀರ್ತನೆ ಎದ್ದಿತು. ಪಕ್ಕದವಳು ಜೋಳ ತುಂಬಿದ ಬುಟ್ಟಿಯನ್ನು ಪುತಳಮ್ಮನ ತಲೆಗೆ ಎತ್ತಿದಳು. ಅವಳು ನಾಲ್ಕು ಹೆಜ್ಜೆ ಮುಂದೆ ಹೋದಳು. ಮೇಜಿನ ಮೇಲೆ ಬಿಳಿ ಬಟ್ಟೆಯಡಿ ರೊಟ್ಟಿ, ಒಣದ್ರಾಕ್ಷಿ ನೆನೆಸಿ ಹಿಂಡಿದ ರಸದ ಬಟ್ಟಲು ಕಾಣಿಸಿತು. ಹಿಂದಿನ ವರ್ಷವಷ್ಟೇ ಮರಗಮ್ಮನ ಗುಡಿಯಲ್ಲಿ ಹಣೆಗೆ ದೇವಿಯ ಅರಿಶಿನ, ಭಂಡಾರ ಹಚ್ಚಿಸಿಕೊಂಡವನೊಬ್ಬನನ್ನು ಯೇಸಪ್ಪ ಸಭೆಯಿಂದ ಹೊರಗಿಟ್ಟಿದ್ದ. ಹಳ್ಳ ದಾಟಿದರೆ ಸಭೆ ಕೈಬಿಟ್ಟೀತು. ದಾಟದೆ ಆ ರೊಟ್ಟಿ ಮುಟ್ಟಿದರೆ ಗಂಟಲಲ್ಲಿ ಇಳಿಯದು. ಅವಳು ತಿರುಗಿದಳು. ಹಾಡುತ್ತಿದ್ದವರ ನಡುವೆ ಬಾಗಿಲ ಕಡೆ ನಡೆದು, ಹೊರಗಿನ ಕಲ್ಲಿನ ಮೇಲೆ ಮಂಡಿಯೂರಿ ಬುಟ್ಟಿ ಇಳಿಸಿದಳು. ಇಳಿಸುವುದು ಒಬ್ಬರ ಕೈಲಾಗುವ ಕೆಲಸ.

ಅಲ್ಲಿಂದ ಅಕ್ಕನ ಮನೆಯ ದಾರಿ ಹಿಡಿದಳು. ಮಾಡಿದ್ದು ತಪ್ಪು ಎಂದು ಅಕ್ಕನ ಮುಂದೆ ಹೇಳಿದರೆ ಪ್ರಭುವನ್ನು ಅಲ್ಲಗಳೆದಂತೆ ಆಗುತ್ತದೆಯೇ? ಕೋಳಿ ಕೂಗುವ ಮುಂಚೆ ಅಲ್ಲಗಳೆದ ಪೇತ್ರನ ಕಥೆ ನೆನಪಾಯಿತು. ಹಣೆಗೆ ಭಂಡಾರ ಹಚ್ಚಿಕೋ, ಆಮೇಲೆ ಮಾತು ಎಂದು ಅಕ್ಕ ಪಟ್ಟು ಹಿಡಿದರೆ? ಹಳ್ಳದ ಕಲ್ಲುಗಳ ಮೇಲೆ ಕಾಲಿಡುವಾಗ, ಅಕ್ಕ ಮನೆಯಲ್ಲಿ ಇರದಿದ್ದರೆ ಸಾಕು ಎಂದೂ ಅವಳಿಗೆ ಅನಿಸಿತಂತೆ. ಅಕ್ಕ ಇದ್ದಳು. ಹೊಸ್ತಿಲಲ್ಲಿ ಕೂತು ಮೊರದಲ್ಲಿ ಕಾಳು ಹಸನು ಮಾಡುತ್ತಿದ್ದವಳು ತಲೆ ಎತ್ತಲಿಲ್ಲ. ಅವಳ ಹಿಂದೆ ಗೋಡೆಯ ಗೂಡು ಕಾಣಿಸುತ್ತಿತ್ತು. ಒಳಗೆ ಏನೂ ಇರಲಿಲ್ಲ. ಸೆಗಣಿಯಿಂದ ನುಣ್ಣಗೆ ಸಾರಿಸಿ ಒಂದು ದೀಪ ಹಚ್ಚಿಟ್ಟಿದ್ದಳು. ಬುಟ್ಟಿ ಹೋದಂದಿನಿಂದ ಬರಿದಾದ ಗೂಡಿಗೇ ಅಕ್ಕ ದೀಪ ಹಚ್ಚುತ್ತಿದ್ದಾಳೆ ಎಂದು ತಿಳಿದಾಗ ಪುತಳಮ್ಮನಿಗೆ ನಾಚಿಕೆಯೂ ದುಃಖವೂ ಒಟ್ಟಿಗೆ ಉಕ್ಕಿದವು.

"ಅಕ್ಕಾ, ದೇವಿನ್ನ ನಾ ಮತ್ತ ಹೊರಂಗಿಲ್ಲ," ಎಂದಳು. ಹೇಳಲೇಬೇಕಾದ ಕಷ್ಟದ ಮಾತನ್ನು ಮೊದಲು ಹೇಳಿಬಿಟ್ಟಳು. "ಆದ್ರ ನಿನ್ನ ಕೇಳ್ದೆ ತಗೊಂಡು ಹೋಗಿದ್ದು ನಂದು ತಪ್ಪು. ಅದು ನಂದೊಬ್ಬಾಕಿದು ಇದ್ದಿಲ್ಲ."

ದುರಪತಮ್ಮ ಮೊರ ಕೊಡವಿದಳು. ಆಮೇಲೆ ತಲೆ ಎತ್ತದೆಯೇ ಹೇಳಿದಳು: "ದೇವಿ ನೀರಾಗ ಮುಳುಗಾಕಿ ಅಲ್ಲ. ಮುಳುಗಿದ್ದು ಅವ್ವ ಹೆಣೆದ ಬುಟ್ಟಿ."

ಅಷ್ಟೇ. ಕ್ಷಮಿಸಿದೆ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಪುತಳಮ್ಮ ಕಣ್ಣೊರೆಸಿಕೊಳ್ಳುತ್ತ ಇನ್ನೂ ಸ್ವಲ್ಪ ನಿಂತು ಹಿಂದಿರುಗಿದಳು. ಹಳ್ಳ ದಾಟುವಾಗ ಹಿಂದೆ ಯಾರೋ ನಡೆದು ಬಂದಂತೆ ಕೇಳಿತು. ತಿರುಗಿ ನೋಡಲು ಧೈರ್ಯ ಬರಲಿಲ್ಲ. ತಿರುಗಿ ನೋಡಿ ಉಪ್ಪಿನ ಕಂಬವಾದ ಲೋಟನ ಹೆಂಡತಿಯ ಕಥೆಯನ್ನು ಕೂಟದಲ್ಲಿ ಎಷ್ಟೋ ಸಲ ಕೇಳಿದ್ದಳು. ನೋಡಿದರೆ ಯಾರೂ ಇರುವುದಿಲ್ಲವೇನೋ ಎಂಬ ಭಯ ಅದಕ್ಕಿಂತ ದೊಡ್ಡದಾಗಿತ್ತು.

ಚರ್ಚಿನಲ್ಲಿ ಹಾಡು ನಿಂತುಹೋಗಿತ್ತು. ಅವಳು ಹಳ್ಳದ ಕಡೆ ಹೋದದ್ದನ್ನು ಬಾಗಿಲಿನಿಂದ ಕಂಡವರು, ಪುತಳಮ್ಮ ಹಳೆಯ ದೇವಿಯ ಕಡೆ ಮರಳಿದಳು ಎಂದು ಒಳಗೆ ಗುಸುಗುಸು ಎಬ್ಬಿಸಿದ್ದರು. ಪಾದ್ರಿಯವರು ಬಿಸಿಲು ಇಳಿಯುವ ಮುಂಚೆ ಇನ್ನೊಂದು ಊರು ಮುಟ್ಟಬೇಕಿತ್ತು. ಕುದುರೆಗೆ ಆಗಲೇ ಜೀನು ಬಿಗಿದಾಗಿತ್ತು. ಅವಳನ್ನು ಬಿಟ್ಟು ಪ್ರಭುಭೋಜನ ನಡೆಸಿರಿ ಎಂದು ಯೇಸಪ್ಪ ಹೇಳುತ್ತಲೇ ಇದ್ದ, ಪಾದ್ರಿಯವರು ಇನ್ನೂ ಸ್ವಲ್ಪ ನೋಡೋಣ ಎನ್ನುತ್ತಲೇ ಇದ್ದರು. ಅಷ್ಟರಲ್ಲಿ ಪುತಳಮ್ಮ ಬಂದು ಬುಟ್ಟಿಯ ಮುಂದೆ ಬಾಗಿದಳು. ಯೇಸಪ್ಪ ಬಾಗಿಲಿಗೆ ಅಡ್ಡ ನಿಂತು, ಎಲ್ಲಿಗೆ ಹೋಗಿದ್ದಿ, ಮೊದಲು ಸಭೆಗೆ ಉತ್ತರ ಹೇಳು ಎಂದ. ಅವನು ಹಾಗೆ ನಿಂತಿರುವಾಗ ಕೈ ಕೊಡಲು ಯಾರೂ ಹೊರಗೆ ಬರಲಿಲ್ಲ. ಪುತಳಮ್ಮ ಒಮ್ಮೆ ಎತ್ತಿ ನೋಡಿದಳು, ಬುಟ್ಟಿ ಸೊಂಟದವರೆಗೆ ಬಂದು ಮತ್ತೆ ಕಲ್ಲಿಗೆ ಕೂತಿತು. ಮತ್ತೊಮ್ಮೆ ಎತ್ತಿದಳು, ಒಂದಿಷ್ಟು ಜೋಳ ಚೆಲ್ಲಿತು. ಎಲ್ಲರ ಕಣ್ಣೆದುರು ಹೀಗೆ ಬಾಗಿ ನಿಂತವಳಿಗೆ ಇನ್ನು ಇಲ್ಲಿಯೂ ನನಗೆ ಜಾಗವಿಲ್ಲ, ಅಲ್ಲಿಯೂ ಇಲ್ಲ ಎನ್ನಿಸಿತು.

ಆಗ ಬುಟ್ಟಿಯ ಆಚೆ ಬದಿಗೆ ಎರಡು ಕೈಗಳು ಬಂದವು. ಕೈಗಳಿಗೆ ಇನ್ನೂ ಕಾಳಿನ ಧೂಳು ಮೆತ್ತಿತ್ತು. ದುರಪತಮ್ಮ ತಂಗಿಯ ಮುಖ ನೋಡಲಿಲ್ಲ; ಹೂಂ ಎಂದು ಒಂದೇ ಸಲ ಬುಟ್ಟಿಯನ್ನು ಎತ್ತಿ ತಂಗಿಯ ತಲೆಯ ಸಿಂಬಿಯ ಮೇಲೆ ಇಟ್ಟು, ಅಲುಗದಂತೆ ಸರಿ ಮಾಡಿದಳು. ಅವಳ ಹಣೆಯ ಮೇಲಿನ ಭಂಡಾರ ನೋಡಿ ಯೇಸಪ್ಪ ಬಾಯಿ ತೆರೆದ.

"ನಾ ಒಳಗ ಬರಾಕಿ ಅಲ್ಲೋ ಯಪ್ಪಾ," ಎಂದಳು ದುರಪತಮ್ಮ. "ಇಲ್ಲೇ ಕೂಡ್ತೀನಿ. ಆಕಿಗಿ ದಾರಿ ಬಿಡು." ಹೀಗೆ ಹೇಳಿ ಕಲ್ಲಿನ ಮೇಲೆ ಕೂತಳು.

ಪಾದ್ರಿ ನಥಾನಿಯೇಲರು ಹೊರಗೆ ಬಂದು ಅಕ್ಕತಂಗಿಯರನ್ನು ನೋಡಿದರು. ಹೋಗಿ ಕುದುರೆಯ ಜೀನು ಸಡಿಲಿಸಿ ಇಳಿಸಿದರು. ಯೇಸಪ್ಪ ಬಾಗಿಲು ಬಿಟ್ಟು ಸರಿದ. ಆದರೆ ಒಳಗೆ ಹೋದವನು ತನ್ನ ಜಾಗದಲ್ಲಿ ಕೂರಲಾರದೆ, ಮೇಜಿನ ಮುಂದೆ ಇಟ್ಟಿದ್ದ ತನ್ನ ತೊಗರಿಯ ಬುಟ್ಟಿಯನ್ನು ಹೊತ್ತುಕೊಂಡು ಮತ್ತೆ ಹೊರಬಂದು ದುರಪತಮ್ಮನ ಪಕ್ಕದಲ್ಲಿ ಇಳಿಸಿ, ಎಲೀಷಪ್ಪನನ್ನು ಕರೆದು ಎತ್ತು ಎಂದ. ಎಲೀಷಪ್ಪ ಬಂದು ಎತ್ತಿದ. ಆಮೇಲೆ ಒಬ್ಬರ ಹಿಂದೆ ಒಬ್ಬರು ಬುಟ್ಟಿ ತಂದು ಕಲ್ಲಿನ ಮೇಲಿಟ್ಟು, ಯಾರನ್ನೋ ಹೆಸರು ಹಿಡಿದು ಕರೆದರು. ಯಾರ ಯಾರ ನಡುವೆ ಮನಸ್ತಾಪವಿತ್ತು ಎಂದು ಊರಿಗೆ ತಿಳಿದದ್ದು ಅಂದೇ ಎಂದು ಹಿರಿಯರು ಈಗಲೂ ನಗುತ್ತಾರೆ. ಪ್ರಭುಭೋಜನ ಮುಗಿಯುವಾಗ ಬಿಸಿಲು ಇಳಿದಿತ್ತು. ಮುಂದಿನ ವಾರದ ಕೂಟದಲ್ಲಿ ಯೇಸಪ್ಪ ಆತ್ಮ ಹ್ಯಾಂಗ ಅದ ಎಂದು ಕೇಳಿದಾಗ ಪುತಳಮ್ಮ, ಈಗೊಂದೀಟು ಹಗುರ ಅದ ಎಂದಳಂತೆ.

ದುರಪತಮ್ಮ ಕೊನೆಗೆ ದೀಕ್ಷಾಸ್ನಾನ ಪಡೆದಳು ಎಂದು ಚರ್ಚಿನ ಕಡೆಯ ಕೆಲವರು ಹೇಳುತ್ತಾರೆ. ಪುತಳಮ್ಮನೇ ದೇವಿಯ ಕಡೆ ಮರಳಿದಳು ಎಂದು ಗುಡಿಯ ಕಡೆಯವರು ಹೇಳುತ್ತಾರೆ. ಎರಡೂ ಸುಳ್ಳು. ತನ್ನ ಪಾಲಿಗೆ ಗೆಲುವು ಬರಲಿಲ್ಲ ಎಂದರೆ ಮನುಷ್ಯನಿಗೆ ಕಥೆ ಮುಗಿದಂತೆ ಅನ್ನಿಸುವುದೇ ಇಲ್ಲ. ಅಕ್ಕ ಬದುಕಿರುವವರೆಗೆ ಪ್ರತಿ ಸುಗ್ಗಿ ಹಬ್ಬಕ್ಕೂ ಹಣೆಗೆ ಭಂಡಾರ ಹಚ್ಚಿಕೊಂಡು ಬಂದು, ತಂಗಿಯ ಬುಟ್ಟಿ ಎತ್ತಿಕೊಟ್ಟು, ಆರಾಧನೆ ಮುಗಿಯುವ ತನಕ ಕಟ್ಟೆಯ ಮೇಲೆ ಕೂತಿರುತ್ತಿದ್ದಳು. ಮಳೆಗಾಲದ ಬಿಡುವಿನಲ್ಲಿ ಇಬ್ಬರೂ ಸೇರಿ ಹೊಸದೊಂದು ಬುಟ್ಟಿ ಹೆಣೆದರಂತೆ. ಅದು ಯಾರ ಮನೆಯಲ್ಲಿತ್ತು ಎಂಬುದು ಮಾತ್ರ ಯಾರಿಗೂ ಗೊತ್ತಿಲ್ಲ.

ಇಂದಿಗೂ ತೊಗರಖೇಡದಲ್ಲಿ ಸುಗ್ಗಿ ಕಾಣಿಕೆ ನೇರವಾಗಿ ಚರ್ಚಿನೊಳಗೆ ಹೋಗುವುದಿಲ್ಲ. ಹಬ್ಬದ ಬೆಳಿಗ್ಗೆ ಹೋದವರು ಕಟ್ಟೆಯ ತುಂಬ ಜೋಳ, ತೊಗರಿ, ಕಡಲೆಯ ಬುಟ್ಟಿಗಳು ಸಾಲಾಗಿ ಕೂತಿರುವುದನ್ನು ಕಾಣಬಹುದು. ತಮ್ಮ ಬುಟ್ಟಿಯನ್ನು ಯಾರೂ ತಾವೇ ಎತ್ತಿಕೊಳ್ಳುವುದಿಲ್ಲ. ಮಾತು ಬಿಟ್ಟವರು ಇದ್ದರೆ ಅವರೇ ಬಂದು ಎತ್ತಬೇಕು. ಕಲ್ಲು ದುಂಡಗೆ ಸವೆದದ್ದು ಹೀಗೆ. ಎಲ್ಲ ವರ್ಷವೂ ಎಲ್ಲ ಬುಟ್ಟಿಗಳೂ ಒಳಗೆ ಹೋಗುತ್ತವೆ ಎಂದಲ್ಲ. ಕಳೆದ ವರ್ಷ ಆರಾಧನೆ ಮುಗಿದು, ಜನ ಉಂಡು, ಚಾಪೆ ಸುತ್ತಿಟ್ಟ ಮೇಲೂ ಕಡಲೆಯ ಒಂದು ಬುಟ್ಟಿ ಕಟ್ಟೆಯ ಮೇಲೆ ಉಳಿದಿತ್ತು. ಯಾರದೆಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಕೇಳಲಿಲ್ಲ. ಈಗಿನ ಪಾದ್ರಿಯವರು ಮೋಟರ್ ಸೈಕಲ್ಲಿನ ಕೀಲಿಯನ್ನು ಜೇಬಿಗೆ ಹಾಕಿಕೊಂಡು ಬಾಗಿಲ ಮೆಟ್ಟಿಲ ಮೇಲೆ ಕೂತರು, ಕಡಲೆಗೆ ಬಾಯಿ ಹಾಕಲು ಬಂದ ಮೇಕೆಗಳನ್ನು ಓಡಿಸುತ್ತ. ಬುಟ್ಟಿ ಹೊರಗಿರುವ ತನಕ ಆ ಚರ್ಚಿನ ಬಾಗಿಲು ಹಾಕುವ ಪದ್ಧತಿ ಇಲ್ಲ.