ಯಜಮಾನರ ದೋಸೆ ಕಾವಲಿಯ ನಡುವೆ

ಮಹೇಶ್ವರಪ್ಪನವರ ಹೋಟೆಲಿಗೆ ಉದ್ದನೆಯ ಹೊಸ ದೋಸೆ ಕಾವಲಿ ಬಂತು. ಕೆಳಗೆ ಎರಡೇ ಬರ್ನರ್, ಅವೂ ಎರಡು ತುದಿಗೆ. ನಡುವೆ ಹುಯ್ದ ದೋಸೆ ಬಿಳಿಚಿಕೊಂಡೇ ಏಳುತ್ತಿತ್ತು.

"ಕಾವಲಿಗೇನಾಗಿದೆ? ನಿನ್ನ ಕೈ ಸರಿಯಿಲ್ಲ. ಇನ್ನೊಂದು ಹಸಿ ದೋಸೆ ಹೊರಗೆ ಹೋದರೆ ನೀನೂ ಹೊರಗೆ ಹೋಗು" ಎಂದರು ಯಜಮಾನರು.

ದೋಸೆ ಭಟ್ಟ ರುದ್ರೇಶಿ ತಲೆಯಾಡಿಸಿದ. ಪೂಜೆಯಾದ ಮೇಲೆ ಮೊದಲ ದೋಸೆ ಯಜಮಾನರಿಗೇ ಹೋಗುವುದು ಆ ಹೋಟೆಲಿನ ಪದ್ಧತಿ. ಮರುದಿನ ಅದನ್ನು ಸರಿಯಾಗಿ ನಡುವೆ ಹುಯ್ದ.

"ಥೂ, ಬರೀ ಹಿಟ್ಟು!" ಎಂದರು ಯಜಮಾನರು.

"ಉರಿಯೆಲ್ಲ ತುದೀಲಿದೆ ಯಜಮಾನ್ರೇ. ಹಂಗಂತ ನಿಮ್ಮ ದೋಸೇನ ಮೂಲೆಗೆ ತಳ್ಳೋಕಾಗುತ್ತಾ?"

ಯಜಮಾನರು ಅಂದೇ ಸಂಜೆ ರಿಪೇರಿಯವನನ್ನು ಕರೆಸಿ ನಡುವೆ ಇನ್ನೊಂದು ಬರ್ನರ್ ಕೂರಿಸಿದರು.

ಬೆಳಿಗ್ಗೆ ಅವರ ದೋಸೆ ಕೆಂಪಗೆ ಗರಿಗರಿಯಾಗಿತ್ತು.

"ನೋಡಿದ್ಯಾ, ಬೈದ ಮೇಲೆ ನಿನ್ನ ಕೈ ಪಳಗಿತು!"

"ಹೌದು ಯಜಮಾನ್ರೇ," ಎಂದ ರುದ್ರೇಶಿ. "ನಿನ್ನೆ ರಿಪೇರಿಯವನು ಬಂದು ಪಳಗಿಸಿ ಹೋದ."